ಚೌಕಟ್ಟಿನ ಹಿಂಬದಿ

ಮಾರ್ಚ್ ೧೪, ಶನಿವಾರ

ಪ್ರೀತಿಯ ಅಕ್ಕನಿಗೆ,

ಹೇಗಿದ್ದೀಯ? ಭಾವನ ಮಂಡಿನೋವು ಈಗ ಪರವಾಗಿಲ್ಲವೇ? ನಿನ್ನ ಪತ್ರ ಬಂದು ಎರಡು ತಿಂಗಳಾಯಿತು. ಉತ್ತರ ಬರೆಯದೆ ಇದ್ದದ್ದಕ್ಕೆ ಬೇಕಾದಷ್ಟು ಬೈದುಕೋ, ಆದರೆ ಇದನ್ನು ಕೊನೆತನಕ ಓದು.

ಹೋದ ಭಾನುವಾರ ಅಂಗಡಿಗೆ ಬೀಗ ಹಾಕಿ ಕಲಾಮೇಳಕ್ಕೆ ಹೋಗಿದ್ದೆ. ಈಗಿನವರು ಚಿತ್ರಕ್ಕೆ ಎಂಥ ಚೌಕಟ್ಟು ಇಷ್ಟಪಡುತ್ತಾರೆ ಅಂತ ನೋಡಿಕೊಂಡು ಬರೋಣ ಅಂತ. ಹೋಗಿ ನೋಡಿದರೆ ಚೌಕಟ್ಟೇ ಇಲ್ಲ. ದೊಡ್ಡ ದೊಡ್ಡ ಕ್ಯಾನ್ವಾಸುಗಳನ್ನು ಒಗೆದ ಬಟ್ಟೆಯ ಹಾಗೆ ಕ್ಲಿಪ್ಪು ಹಾಕಿ ನೇತುಹಾಕಿಬಿಟ್ಟಿದ್ದಾರೆ. ನಲವತ್ತು ವರ್ಷ ಮರದ ಪಟ್ಟಿ ಕೊಯ್ದು ಮೂಲೆ ಕೂಡಿಸಿದವನಿಗೆ ಹೇಗಾಗಿರಬೇಡ ಹೇಳು.

ಈ ಸಲ ಎಲ್ಲಿ ನೋಡಿದರೂ ಸೂಜಿದಾರದ ಕೆಲಸ. ಗಂಡಸರೂ ಕೂತು ಹೊಲಿದಿದ್ದಾರೆ. ಬಣ್ಣಕ್ಕಿಂತ ಹಳೇ ಸಾಮಾನು ಜಾಸ್ತಿ: ಬಾಗಿಲ ಹಿಡಿ, ಔಷಧಿ ಚೀಟಿ, ಯಾರದೋ ಅಜ್ಜಿಯ ಕನ್ನಡಕ. ಚಿತ್ರಗಳಲ್ಲಿ ಮನುಷ್ಯರು ಕಮ್ಮಿ, ಖಾಲಿ ಕೋಣೆಗಳು ಹೆಚ್ಚು. ಮೊದಮೊದಲು ನಗು ಬಂತು. ಆಮೇಲೆ ಅಂಥದೊಂದು ಖಾಲಿ ಕೋಣೆಯ ಮುಂದೆ ನಾನೇ ಕಾಲು ಗಂಟೆ ನಿಂತುಬಿಟ್ಟೆ.

ಕೊನೆಯ ಮಳಿಗೆಯಲ್ಲಿ ಒಬ್ಬ ಹುಡುಗಿ ಹಳೇ ಮನೆಗಳಿಂದ ತಂದ ಪಟಗಳನ್ನು ತಿರುಗಿಸಿ, ಹಿಂಬದಿ ಕಾಣುವ ಹಾಗೆ ಗೋಡೆಗೆ ಹಾಕಿದ್ದಳು. ತುಕ್ಕು ಹಿಡಿದ ಮೊಳೆ, ಬಣ್ಣಗೆಟ್ಟ ರಟ್ಟು, ಅಷ್ಟೇ. ಒಂದರಲ್ಲಿ ನಮ್ಮ ಅಂಗಡಿಯ ಚೀಟಿ ಇತ್ತು, ಅಪ್ಪನ ಕಾಲದ್ದು. ಅದರ ಪಕ್ಕ, ರಟ್ಟು ಕಿತ್ತುಹೋದಲ್ಲಿ, ಪೆನ್ಸಿಲ್ ಚಿತ್ರ: ಅಮ್ಮ ಕಿಟಕಿಯ ಹತ್ತಿರ ಕೂತು ಕಾಲುಗುರು ತೆಗೆದುಕೊಳ್ಳುತ್ತಿದ್ದಾಳೆ, ನಾಲಿಗೆಯ ತುದಿ ಕಚ್ಚಿಕೊಂಡು. ಇನ್ನೊಂದು ಮೊಣಕಾಲಿನ ಹತ್ತಿರ ಚಿತ್ರ ತುಂಡಾಗಿದೆ.

ನೀನು ಬರೆದದ್ದು.

"ಎಲ್ಲರೂ ಇದರ ಮುಂದೇನೇ ನಿಲ್ತಾರೆ," ಅಂದಳು ಹುಡುಗಿ. "ಯಾರು ಬರೆದದ್ದೋ ಗೊತ್ತಾಗಲಿಲ್ಲ. ತುಂಬ ಹುಡುಕಿದೆ."

"ನಮ್ಮ ಅಕ್ಕ," ಅಂದೆ.

"ಈಗಲೂ ಬರೀತಾರಾ?"

"ಇಲ್ಲಮ್ಮ."

"ಯಾಕೆ?"

ಅವಳು 'ಕಲಾವಿದರು ಯಾರೋ ತಿಳಿಯದು' ಅಂತಿದ್ದ ಚೀಟಿ ಕಿತ್ತು, ನನ್ನನ್ನು ಕೇಳಿಕೊಂಡು ನಿನ್ನ ಹೆಸರು ಬರೆದು ಅಂಟಿಸಿದಳು.

ಅಕ್ಕ, ನಿನ್ನ ಮದುವೆಯಾದ ವರ್ಷ, ಪೆಟ್ಟಿಗೆಗೆ ಗೆದ್ದಲು ಹತ್ತಿ ನಿನ್ನ ಚಿತ್ರಗಳೆಲ್ಲ ಹಾಳಾದವು ಅಂತ ನಿನಗೆ ಹೇಳಿದ್ದೆ. ಅಪ್ಪನಿಗೂ ಹಾಗೇ ಹೇಳಿದ್ದೆ. ಗೆದ್ದಲು ಹತ್ತಿರಲಿಲ್ಲ. ನಾನೇ ಒಂದೊಂದಾಗಿ ಕತ್ತರಿಸಿ ಗಿರಾಕಿಗಳ ಪಟದ ಹಿಂದೆ, ರಟ್ಟಿನ ಒಳಪದರಕ್ಕೆ ಹಾಕಿದೆ. ನೀನು "ಹೋಗಲಿ ಬಿಡೋ, ಕಾಗದ ತಾನೇ" ಅಂದೆ. ಮತ್ತೆ ಪೆನ್ಸಿಲ್ ಮುಟ್ಟಲೇ ಇಲ್ಲ.

ಆ ಪಟವನ್ನು ಹುಡುಗಿ ನಿನಗೇ ಕೊಡುತ್ತಾಳಂತೆ. ಮೇಳ ಮುಗಿದ ಮೇಲೆ ನಾನೇ ತರಲೇ, ಅಂಚೆಯಲ್ಲಿ ಕಳಿಸಲೇ? ನನ್ನ ಮುಖ ನೋಡುವ ಮನಸ್ಸಿದ್ದರೆ ಮಾತ್ರ ಬಾ ಅನ್ನು. ಭಾವನಿಗೆ ನಮಸ್ಕಾರ. ನಿನ್ನ ಮಕ್ಕಳು ನೂರು ಕಾಲ ಚೆನ್ನಾಗಿರಲಿ.

ನಿನ್ನ
ತಮ್ಮ

ತಾ.ಕ.: ಒಳಪದರಕ್ಕೆ ಹಾಕಲು ಅಂಗಡಿಯಲ್ಲಿ ಬೇರೆ ಕಾಗದ ಬೇಕಾದಷ್ಟಿತ್ತು. ಆಗ ನಾನೂ ಚಿತ್ರ ಬರೆಯುತ್ತಿದ್ದೆ, ನಿನಗೆ ನೆನಪಿರಲಾರದು. ಬಂದ ಗಿರಾಕಿಗಳಿಗೆಲ್ಲ ಅಪ್ಪ ನಿನ್ನ ಚಿತ್ರಗಳನ್ನೇ ತೋರಿಸುತ್ತಿದ್ದರು. ನೀನು ಮದುವೆಯಾಗಿ ಹೋದ ಮೇಲೂ ನಿನ್ನವನ್ನೇ ತೋರಿಸಿದರು.