ಮೊದಲ ಪುಟದ ಮುಖ

ಆಗಸ್ಟ್ 11, ಮಂಗಳವಾರ. ಮೆಲ್ಬರ್ನ್

ಲಾಗಿನ್ ಪುಟ ಮತ್ತೆ ಬದಲಾಯಿತು. ಎಚುಕಾದಲ್ಲಿ ನಡೆಯಬೇಕಿದ್ದ ನರ್ಸುಗಳ ಸಮ್ಮೇಳನ ಕೊರೊನಾದಿಂದಾಗಿ ಈ ವರ್ಷ ಆನ್‌ಲೈನ್. ಸಾವಿರದ ಇನ್ನೂರು ಜನ. ಅವರಿಗೆ ಸಭಾಂಗಣ, ಪೋಸ್ಟರ್ ಗೋಡೆ, ಟೀ ರೂಮ್ — ಎಲ್ಲ ಅಡುಗೆಮನೆ ಮೇಜಿನ ಮುಂದೆ ಕೂತು ನಾನೇ ಕಟ್ಟಬೇಕು. ಟೀ ರೂಮಿನಲ್ಲಿ ಟೀ ಇಲ್ಲ ಅಂತ ಬಾಸ್ ಫರ್ಗಸ್ ದಿನವೂ ನಗುತ್ತಾನೆ. ದಿನವೂ ನಾನೂ ನಗುತ್ತೇನೆ.

ಮೇವಿಸ್ ದೊಡ್ಡಮ್ಮನ ಸ್ವಾಗತ ರೆಕಾರ್ಡ್ ಆಗಿ ಬಂತು. ಆ ನೆಲದ ಮೂಲನಿವಾಸಿಗಳಾದ ನಮ್ಮ ಹಿರಿಯರೊಬ್ಬರು ಬರಮಾಡಿಕೊಳ್ಳದೆ ಇಂಥ ಸಭೆ ಶುರುವಾಗುವುದಿಲ್ಲ. ಹಿಂದೆ ನದಿ, ಮೈಮೇಲೆ ಕೆಂಪು ಅಂಗಿ. ಕೊನೆಯ ಮಾತು ನನಗೇ: "ಕತ್ತರಿಸೋದಿದ್ರೆ ನನ್ನ ಎರಡನೇ ಗದ್ದ ಕತ್ತರಿಸು ಮಗಾ, ಮಾತು ಮುಟ್ಬೇಡ." ಮೊದಲ ಪುಟಕ್ಕೆ ಅವಳ ಮುಖವನ್ನೇ ಹಾಕಿದೆ.

ಆಗಸ್ಟ್ 27, ಗುರುವಾರ

ದೊಡ್ಡಮ್ಮ ಹೋದಳು. ಸೋಮವಾರ. ಹೃದಯ. ಅವಳ ಮಗಳು ಜೊಲೀನ್ ಅಕ್ಕ ಆಸ್ಪತ್ರೆಯಿಂದಲೇ ಫೋನ್ ಮಾಡಿದಳು, ಅಲ್ಲೇ ನರ್ಸ್ ಅವಳು. "ಹೋಗ್ಬಿಟ್ಲು ಕಣೇ." ಸರಿ ಅಂದೆ. ಹಾಗೆ ಯಾರಾದರೂ ಅನ್ನುತ್ತಾರಾ…

ಇನ್ನು ಹೆಸರು ಬರೆಯುವುದಿಲ್ಲ. ಇಲ್ಲಿಯೂ.

ಫರ್ಗಸ್‌ಗೆ ಹೇಳಿದೆ. ಸತ್ತವರ ಹೆಸರು ಎತ್ತಬಾರದು, ಮುಖ ತೋರಿಸಬಾರದು — ಮನೆಯವರು ಆಗಲಿ ಅನ್ನುವವರೆಗೆ.

"ಹಾಗಾದ್ರೆ ಮನೆಯವ್ರನ್ನ ಕೇಳು. ಉದ್ಘಾಟನೆ ಪೂರ್ತಿ ಆ ಸ್ವಾಗತದ ಮೇಲೇ ನಿಂತಿದೆ."

"ನಾನೇ ಮನೆಯವಳು."

"ಅಯ್ಯೋ. ಸಾರಿ." ಆಮೇಲೆ ಕೇಳಿದ: "ಸೋಮವಾರದೊಳಗೆ ಗೊತ್ತಾಗುತ್ತಾ?"

ಮುಖ ತೆಗೆದೆ. ಮೊದಲ ಪುಟ, ಕಾರ್ಯಕ್ರಮಪಟ್ಟಿ, ಭಾಷಣಕಾರರ ಸಾಲು. ಎಲ್ಲ ಕಡೆ ಈಗ ಬೂದು ಚೌಕ. ಏನೂ ಅನ್ನಿಸಲಿಲ್ಲ. ಟೋಸ್ಟ್ ತಿಂದೆ.

ಸೆಪ್ಟೆಂಬರ್ 2, ಬುಧವಾರ

ಇವತ್ತು ಮಣ್ಣು. ಹತ್ತೇ ಜನಕ್ಕೆ ಅವಕಾಶ. ನಾವು ಮೆಲ್ಬರ್ನ್‌ನವರು ಮನೆಯಿಂದ ಐದು ಕಿಲೋಮೀಟರ್ ದಾಟುವಂತಿಲ್ಲ. ಲಿಂಕ್ ಕಳಿಸಿದ್ದರು.

ಅಲ್ಲಿ ಪ್ರಾರ್ಥನೆ ಶುರುವಾಗುವ ಹೊತ್ತಿಗೆ ನನ್ನ ಫೋನಿಗೆ ಒಂದು ಮೇಲ್. 'ಇನ್ನು ಹದಿನೈದೇ ದಿನ.' ಅದರ ಕೆಳಗೆ ಅವಳ ಹೆಸರು — 'ನಿಮಗಾಗಿ ಕಾಯುತ್ತಿದ್ದಾರೆ.' ಅದರ ಕೆಳಗೆ ಮುಖ. ಕೆಂಪು ಅಂಗಿ.

ನಾನೇ ಬರೆದದ್ದು. ತಾನಾಗೇ ಹೋಗಲಿ ಅಂತ ನಾನೇ ದಿನ ಗೊತ್ತುಮಾಡಿ ಇಟ್ಟದ್ದು. ಎಲ್ಲ ಕಡೆ ತೆಗೆದವಳು ಇದನ್ನು ಮರೆತಿದ್ದೆ. ಹೆಸರು ನೋಂದಾಯಿಸಿದ ಎಲ್ಲರಿಗೂ ಹೋಗಿದೆ. ಜೊಲೀನ್ ಅಕ್ಕನಿಗೂ. ತಾಯಿಯ ಪೆಟ್ಟಿಗೆ ಪಕ್ಕ ನಿಂತಿದ್ದಾಗ.

ಲಿಂಕ್ ತೆರೆಯಲು ಧೈರ್ಯ ಬರಲಿಲ್ಲ. ಪಾತ್ರೆ ತೊಳೆದೆ.

ಸೆಪ್ಟೆಂಬರ್ 3

ಅಕ್ಕ ಫೋನ್ ಎತ್ತುತ್ತಿಲ್ಲ.

ಸೆಪ್ಟೆಂಬರ್ 5

ಎತ್ತುತ್ತಿಲ್ಲ. ಕ್ಷಮಿಸು ಅಂತ ಮೆಸೇಜ್ ಹಾಕಿದೆ. ಓದಿದ್ದಾಳೆ. ಅಷ್ಟೇ. ಇವಳನ್ನೂ ಕಳೆದುಕೊಂಡೆ ಅನ್ನಿಸುತ್ತದೆ.

ಸೆಪ್ಟೆಂಬರ್ 14, ಸೋಮವಾರ

ಅವಳೇ ಫೋನ್ ಮಾಡಿದಳು.

"ಮಣ್ಣು ಹಾಕೋಕೆ ಮುಂಚೆ ಬಂತು ನಿನ್ನ ಮೇಲು."

"ಗೊತ್ತು."

"ಫೋನ್ ಎತ್ತಿ ನದಿಗೆ ಎಸೀಬೇಕು ಅನ್ನಿಸ್ತು. ಜೊತೆಗೆ ನಿನ್ನೂ."

ಮೇಜು ಒರೆಸುತ್ತಾ ಕೇಳಿಸಿಕೊಂಡೆ.

"ಆ ವೀಡಿಯೊ ಹಾಕ್ಬೇಡ. ಜೋಪಾನವಾಗಿ ಇಟ್ಟಿರು, ಈಗ ಯಾರೂ ನೋಡೋದು ಬೇಡ. ಸ್ವಾಗತ ನಾನೇ ಮಾಡ್ತೀನಿ. ಲೈವ್."

"ನೀನು ಯಾವತ್ತೂ ಮಾಡಿಲ್ವಲ್ಲಕ್ಕಾ."

"ಮತ್ಯಾರು ಮಾಡ್ತಾರೆ, ನಿಮ್ಮ ಫರ್ಗಸ್ಸಾ?"

ಕ್ಷಮಿಸಿದೆಯಾ ಅಂತ ಕೇಳಲಿಲ್ಲ. ಅವಳೂ ಹೇಳಲಿಲ್ಲ.

ಸೆಪ್ಟೆಂಬರ್ 17, ಗುರುವಾರ. ಸಂಜೆ

ಸ್ವಾಗತ ಚೆನ್ನಾಗಿತ್ತು ಅಂತ ಚಾಟ್ ತುಂಬ ಬರೆದಿದ್ದಾರೆ. ನನಗೆ ಒಂದು ಮಾತೂ ನೆನಪಿಲ್ಲ. ನೆನಪಿರುವುದು ಅದಕ್ಕೂ ಮುಂಚಿನದು. ಭಾಷಣಕಾರರು ಕಾಯುವ ರೂಮಿನಲ್ಲಿ ನಾವಿಬ್ಬರೇ. ಸೌಂಡ್ ನೋಡಬೇಕು, ಏನಾದರೂ ಮಾತಾಡು ಅಂದೆ.

"ಮೊದ್ಲು ನಿನ್ನ ಕ್ಯಾಮೆರಾ ಹಾಕು."

ಹಾಕಿದೆ. ದೊಡ್ಡಮ್ಮ ಹೋದ ಮೇಲೆ ನಾವು ಮುಖ ನೋಡಿಕೊಂಡದ್ದು ಇದೇ ಮೊದಲು.

"ಅತ್ತಿದ್ದೀಯಾ?"

"ಇಲ್ಲ."

"ನಾನೂ ಇಲ್ಲ ಕಣೇ." ಗಡಿಯಾರ ನೋಡಿದಳು. "ಇನ್ನೂ ಐದು ನಿಮಿಷ ಇದೆಯಲ್ಲ."

ಇಬ್ಬರ ಮೈಕನ್ನೂ ಆಫ್ ಮಾಡಿದೆ. ಮೊದಲು ಅವಳ ತುಟಿ ಸೊಟ್ಟಗಾಯಿತು. ಆಮೇಲೆ ನನ್ನದೂ.