ಜಯಮಾಲಾಳ ಹೆಬ್ಬೆರಳು

ಸಿಂದಗಿ

ಫೋನ್ ಕಂಪನಿಯ ಗ್ರಾಹಕ ಸೇವೆಯವರಿಗೆ,

ನಮಸ್ಕಾರ. ನನ್ನ ಹೆಂಡತಿ ಜಯಮಾಲಾಳ ಫೋನಿನ ಬೆರಳಚ್ಚು ಲಾಕ್ ತೆರೆಯುವುದಿಲ್ಲ ಎಂದು ನಾಲ್ಕು ಸಲ ಬರೆದಿದ್ದೆ. ನಾಲ್ಕು ಸಲವೂ ನೀವು ‘ಬೆರಳು ಒರೆಸಿಕೊಂಡು ಮತ್ತೆ ಪ್ರಯತ್ನಿಸಿ’ ಎಂದೇ ಉತ್ತರಿಸಿದಿರಿ. ಓದಿ ಓದಿ ಸಾಕಾಗಿದೆ.

ನಾನು ಫೋನಿನ ಹುಚ್ಚ. ಯಾವ ಕಂಪನಿಯ ಕ್ಯಾಮೆರಾ ಸುಳ್ಳು ಬಣ್ಣ ತೋರಿಸುತ್ತದೆ, ಯಾರ ಬ್ಯಾಟರಿ ವರ್ಷಕ್ಕೇ ಕೈಕೊಡುತ್ತದೆ ಎಂದು ಊರಿಗೆಲ್ಲ ಹೇಳುವವನು. ನಿಮ್ಮ ಫೋನು ಅರ್ಧ ಸೆಕೆಂಡಿನಲ್ಲಿ ಬೆರಳು ಗುರುತಿಸುತ್ತದೆಂದು ಹೊಗಳಿ ಬರೆದವನೂ ನಾನೇ.

ಕಳೆದ ತಿಂಗಳು ಅವಳು ತವರಿಗೆ, ಬಾಗೇವಾಡಿಗೆ ಹೋಗಿ ಇಪ್ಪತ್ತು ದಿನ ಇದ್ದಳು. ಕೊನೆಗೆ ಅಲ್ಲಿ ಹೊಸದಾಗಿ ಬೆರಳು ದಾಖಲಿಸಿದರೆ, ಮುಟ್ಟಿದ ಕೂಡಲೇ ಫೋನು ತೆರೆಯಿತಂತೆ. ಸಿಂದಗಿಗೆ ಬಂದು ವಾರ ಕಳೆಯುವುದರೊಳಗೆ ಮತ್ತೆ ಹಟ ಹಿಡಿಯಿತು. ಅಪ್‌ಡೇಟ್ ಕೆಟ್ಟಿರಬೇಕೆಂದು ನಾನು ತಡಕಾಡುತ್ತಿದ್ದರೆ ಅವಳು ನಕ್ಕಳು.

“ಇಲ್ಲಿ ಖಾನಾವಳಿಗೆ ದಿನಾ ಇನ್ನೂರು ರೊಟ್ಟಿ ಬಡೀತೇನಿ. ಬೆರಳಾಗ ಗೆರಿ ಎಲ್ಲಿ ಉಳೀತಾವ್ರಿ?”

ಅವಳ ಹೆಬ್ಬೆರಳನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ನುಣ್ಣಗಿತ್ತು. ಹದಿನೆಂಟು ವರ್ಷದ ಸಂಸಾರದಲ್ಲಿ ನೋಡಿದ್ದು ಅದೇ ಮೊದಲು.

ಆದ್ದರಿಂದ ದೂರನ್ನು ಹಿಂತೆಗೆದುಕೊಳ್ಳುತ್ತಿದ್ದೇನೆ. ನಿಮ್ಮ ಫೋನು ಸರಿಯಾಗಿಯೇ ಇದೆ. ಸೇವೆಗೆ ಎಷ್ಟು ನಕ್ಷತ್ರ ಕೊಡುತ್ತೀರಿ ಎಂದು ದಯವಿಟ್ಟು ಮತ್ತೆ ಸಂದೇಶ ಕಳಿಸಬೇಡಿ. ಇವತ್ತು ಸಂಜೆಯಿಂದ ಆ ಇನ್ನೂರರಲ್ಲಿ ಅರ್ಧದಷ್ಟು ರೊಟ್ಟಿ ನಾನು ಬಡಿಯಬೇಕು. ಹಿಟ್ಟು ಮೆತ್ತಿದ ಕೈಯಲ್ಲಿ ಫೋನು ಮುಟ್ಟಲು ಆಗುವುದಿಲ್ಲ.

ಇತಿ,
ಮಡಿವಾಳಪ್ಪ ಕೋರಿ