ಹೆಚ್ಚಿಗೆ ಕಟ್ಟಿದ ಮುದ್ದೆ

ಜಿಗಣಿ

ಮಗಾ ಮುನಿರಾಜು,

ನಾವಿಲ್ಲಿ ಚೆನ್ನಾಗಿದ್ದೇವೆ. ನೀನು ಹೇಗಿದ್ದೀಯ ಅಂತ ಕೇಳುವುದಿಲ್ಲ, ನನಗೆ ಗೊತ್ತು. ಫೋನಿನಲ್ಲಿ ಈ ವಿಷಯ ಎತ್ತಿದರೆ "ಸಿಗ್ನಲ್ ಇಲ್ಲ ಕಣಜ್ಜಿ" ಅಂತ ಇಟ್ಟುಬಿಡುತ್ತೀಯ. ಕಾಗದವನ್ನು ಹಾಗೆ ಇಡಲಾಗುವುದಿಲ್ಲವಲ್ಲ. ನನ್ನದು ನಾಲ್ಕನೇ ಕ್ಲಾಸಿನ ಅಕ್ಷರ, ಕೂಡಿಸಿಕೊಂಡು ಓದು.

ರಜೆಗೆ ಬಂದಿದ್ದಾಗ ಒಂದು ಮಧ್ಯಾಹ್ನ ನೀನು ಊಟಕ್ಕೆ ಕೂತಿದ್ದೆ. ಎಲ್ಲರಿಗೂ ಇಕ್ಕಿ ಆದಮೇಲೆ, ತಟ್ಟೆ ಮುಚ್ಚಿಟ್ಟಿದ್ದ ಮುದ್ದೆ ನಿನ್ನ ಕಣ್ಣಿಗೆ ಬಿತ್ತು. "ಇದ್ಯಾರಿಗಜ್ಜಿ?" ಅಂದೆ. ಹುಟ್ಟಿದಾಗಿನಿಂದ ನೋಡಿದವನು ಕೇಳುವ ಮಾತಾ ಅದು? ಸ್ಕೂಲಿಂದ ಹೊತ್ತು ಮೀರಿ ಬಂದಾಗಲೆಲ್ಲ ಅದನ್ನೇ ನುಂಗಿ ಬೆಳೆದವನು ನೀನು. "ಹೊತ್ತಿಗೆ ಯಾರಾದ್ರೂ ಬಂದ್ರೆ ಇರ್ಲಿ ಅಂತ. ಗನ್ನು ಹಿಡಿದಮೇಲೆ ಅದೂ ಮರ್ತೋಯ್ತಾ?" ಅಂತ ನಾನು ಚುಚ್ಚಿದೆ. ನೀನು ಎದ್ದು ಕೈತೊಳೆದು ಮಹಡಿ ಹತ್ತಿದೆ. ನಾನೂ ಹಿಂದೆಯೇ ಬಂದೆ.

ಸಿಂಟೆಕ್ಸ್ ಟ್ಯಾಂಕಿನ ನೆರಳಲ್ಲಿ ಕೂತು ನೀನು ಹೇಳಿದ್ದು ಇನ್ನೂ ಕಿವಿಯಲ್ಲಿದೆ. ಯಾರದೋ ಮನೆಯ ಸುದ್ದಿ ಹೇಳುವವನ ಹಾಗೆ ಹೇಳಿದೆ. "ಎದುರಿಗೆ ಬರೋರ ಜೊತೆ ಯುದ್ಧ ಮಾಡೋದು ಕಲಿಸಿದ್ರು ಕಣಜ್ಜಿ. ಈ ಕಾಡಿನವರು ಎದುರಿಗೇ ಬರಲ್ಲ. ಹೊಡೀತಾರೆ, ಕಾಡೊಳಗೆ ಇಲ್ದಂಗಾಗ್ತಾರೆ. ಹೆಲಿಕಾಪ್ಟರ್ ಬಿಟ್ರೂ ಸಿಗಲ್ಲ. ಅವರು ಸಿಗಲ್ಲ, ಊರು ಸಿಗ್ತದೆ."

ಸಿಕ್ಕ ಊರಿಗೆ ಏನೇನು ಮಾಡಿದಿರಿ ಅಂತಲೂ ಹೇಳಿದೆ. ರಸ್ತೆ ಪಕ್ಕದ ಮರ ಕಡಿದಿರಿ. ಕಾಡೊಳಗಿನ ಮನೆಗಳನ್ನು ಎಬ್ಬಿಸಿ ಕ್ಯಾಂಪಿನ ಪಕ್ಕ ತಂದು ಹಾಕಿದಿರಿ. ಒಂದು ಕೈಯಲ್ಲಿ ಜ್ವರದ ಮಾತ್ರೆ ಕೊಟ್ಟು ಇನ್ನೊಂದು ಕೈಯಲ್ಲಿ ಅಕ್ಕಿ ತಲೆಲೆಕ್ಕಕ್ಕೆ ಅಳೆದಿರಿ, ಮಿಕ್ಕಿದರೆ ಕಾಡಿನವರ ಹೊಟ್ಟೆಗೆ ಹೋಗುತ್ತದೆ ಅಂತ. ಆಮೇಲೆ ಮನೆಮನೆಯ ಗಡಿಗೆ ತೆಗೆದು ನೋಡಿದಿರಿ. ನಾನು, "ಅಷ್ಟು ದೊಡ್ಡ ಪಡೆ, ಹೆಂಗಸರ ಗಡಿಗೆಗೆ ಇಣುಕೋದಾ?" ಅಂದೆ. ಆಗ ನೀನು ಅಲ್ಲಿನ ಒಬ್ಬ ಮುದುಕಿಯ ಸುದ್ದಿ ತೆಗೆದೆ.

ಆ ಮುದುಕಿಯ ಗಡಿಗೆಯಲ್ಲಿ ಒಬ್ಬರಿಗಾಗುವಷ್ಟು ಗಂಜಿ ಹೆಚ್ಚಿಗೆ ಇತ್ತು. ಮುಚ್ಚಳ ತೆಗೆದವನು ನೀನು. ಹೊತ್ತಿಗೆ ಯಾರಾದರೂ ಬಂದಾರು ಅಂತ ಇಟ್ಟಿದ್ದೇನೆ ಅಂದಳಂತೆ. ನಿಮ್ಮ ಸಾಹೇಬ, "ಎಲ್ಲರೂ ಇದನ್ನೇ ಹೇಳ್ತಾರೆ" ಅಂದು ಅವಳ ಮಗನನ್ನು ಗಾಡಿ ಹತ್ತಿಸಿದ. ನೀನು ಗಂಜಿ ಇತ್ತು ಅಂತ ಸಾಕ್ಷಿ ಹೇಳಿದೆ. ನಮ್ಮಜ್ಜಿನೂ ಹಾಗೇ ಇಡ್ತಾಳೆ ಸಾರ್, ಅನ್ನುವ ಒಂದು ಮಾತು ನಿನ್ನ ಬಾಯಿಂದ ಬರಲಿಲ್ಲ. ಆ ಹುಡುಗ ಇನ್ನೂ ನಿಮ್ಮ ಕ್ಯಾಂಪಿನಲ್ಲೇ ಇದ್ದಾನೆ, ದೊಡ್ಡ ಸಾಹೇಬರು ವಿಚಾರಣೆಗೆ ಬರುತ್ತಾರೆ, ಮತ್ತೆ ನಿನ್ನನ್ನೇ ಕೇಳುತ್ತಾರೆ ಅಂತ ನೀನೇ ಅಂದೆ. ಏನು ಹೇಳ್ತೀಯ ಅಂತ ನಾನು ಕೇಳಿದೆ. ನೀನು ಕೆಳಗಿಳಿದು ಹೋದೆ.

ನನಗೆ ಅಳು ಬರಲಿಲ್ಲ ಮಗಾ. ಈಗಲೂ ಬಂದಿಲ್ಲ. ಅವತ್ತು ಸಂಜೆ ಹಿಟ್ಟು ತೊಳಸುವಾಗ ಬಿಸಿ ತಾಗಿ ಕೈ ಬೊಬ್ಬೆ ಎದ್ದಿತ್ತು, ನಿಮ್ಮಮ್ಮ ತೋರಿಸಿದ ಮೇಲೆ ನೋಡಿಕೊಂಡೆ.

ನೀನು ಹೋದ ಮೇಲೆ ಒಂದು ದಿನ ನಾನೂ ನಿಮ್ಮ ಹಾಗೆ ಅಳೆದೆ. ಮನೆಯಲ್ಲಿ ಎಷ್ಟು ತಲೆಯೋ ಅಷ್ಟೇ ಮುದ್ದೆ. ಅವತ್ತೇ ನಮ್ಮ ಬಾಡಿಗೆ ರೂಮಿನ ಯಂಕಪ್ಪ ಬಂದ. ಕಲ್ಲು ಪಾಲಿಷ್ ಮಾಡುವ ಫ್ಯಾಕ್ಟರಿಯಿಂದ ನೇರ ಬಂದಿದ್ದ, ರೆಪ್ಪೆಯ ಮೇಲೆಲ್ಲ ಬಿಳೀ ಧೂಳು. ಹೆಂಡತಿ ಹೆರಿಗೆಗೆ ಊರಿಗೆ ಹೋಗಿದ್ದಾಳೆ. "ಅಮ್ಮಾರ, ಊಟಾ ಏನರ ಐತೇನ್ರಿ?" ಅಂದ. ಇಲ್ಲ ಅಂದೆ. ಈ ಬಾಗಿಲಲ್ಲಿ ನಿಂತು ಆ ಮಾತು ಅಂದದ್ದು ಅದೇ ಮೊದಲು. "ಇರ್ಲಿ ಬಿಡ್ರಿ" ಅಂತ ಹೋದ. ಅವನು ಒಳ್ಳೆಯವನೋ ಕಳ್ಳನೋ ನನಗೇನು ಗೊತ್ತು? ಗೊತ್ತು ಮಾಡಿಕೊಂಡು ಇಕ್ಕುವ ಹಾಗಿದ್ದರೆ ಇಷ್ಟು ವರ್ಷ ಯಾರಿಗೂ ಇಕ್ಕುತ್ತಿರಲಿಲ್ಲ. ಮಾರನೆಯ ದಿನದಿಂದ ಮತ್ತೆ ಒಂದು ಹೆಚ್ಚಿಗೆ ಕಟ್ಟುತ್ತಿದ್ದೇನೆ.

ನಿಮ್ಮ ಯುದ್ಧ ಯಾರು ಗೆಲ್ಲುತ್ತಾರೋ ನನಗೆ ತಿಳಿಯದು. ಕಾಡಿನವರು ನಿನ್ನ ಜೊತೆಯವರನ್ನು ಕೊಂದದ್ದೂ ಸುಳ್ಳಲ್ಲ. ಆದರೆ ಆ ಗಂಜಿ ಯಾತಕ್ಕಿತ್ತು ಅಂತ ಆ ಕ್ಯಾಂಪಿನಲ್ಲಿ ಬೇರೆ ಯಾರಿಗೆ ಗೊತ್ತಿರಲಿ ಬಿಡಲಿ, ನಿನಗೆ ಗೊತ್ತು. ದೊಡ್ಡ ಸಾಹೇಬರು ಕೇಳಿದಾಗ ಹೇಳು. ನಿನ್ನ ಕೆಲಸ ಹೋದರೆ ಹೋಗಲಿ. ಇಲ್ಲಿ ಫ್ಯಾಕ್ಟರಿ ಗೇಟಿಗೆ ಕಾವಲು ನಿಂತರಾಯಿತು, ಅಲ್ಲಿ ಯಾರ ಗಡಿಗೆಯನ್ನೂ ನೋಡಬೇಕಿಲ್ಲ.

ಹೇಳಿದರೆ ನನ್ನ ಮೊಮ್ಮಗನಾಗಿ ಬಾ, ನಿನ್ನ ಪಾಲಿನದು ನಿನ್ನ ತಟ್ಟೆಗೇ ಬೀಳುತ್ತದೆ. ಹೇಳದಿದ್ದರೂ ಬಾ. ಮುಚ್ಚಿಟ್ಟ ಮುದ್ದೆ ಇರುತ್ತದೆ. ಅದು ಯಾರು ಬಂದರೂ ಇಕ್ಕುವುದು, ನಿನಗೂ ಇಕ್ಕುತ್ತೇನೆ.

ನೆಲ ನೋಡಿ ಕಾಲಿಡು. ಆ ಮುದುಕಿಯ ಮಗನೂ ನೀನೂ ಜೀವದಿಂದ ನಿಮ್ಮ ನಿಮ್ಮ ಮನೆ ಸೇರುವಂತಾಗಲಿ.

ನಿನ್ನಜ್ಜಿ,
ಸೊಣ್ಣಮ್ಮ